ಆಲಪ್ಪುಳಕ್ಕೆ ಹೊರಟಿದ್ದೀರಾ? ದೋಣಿ, ದೇವಸ್ಥಾನ, ಪಾಯಸ ಮೂರೂ ತಪ್ಪದ ಹಾಗೆ ಸುತ್ತುವುದು ಹೇಗೆ

ಕೇರಳದ ಆಲಪ್ಪುಳಕ್ಕೆ ಹೋಗಿ ಬಂದೆ ಅಂದರೆ ನಮ್ಮ ಜನ ಕೇಳುವ ಮೊದಲ ಪ್ರಶ್ನೆ, ಹೌಸ್‌ಬೋಟ್‌ಗೆ ಎಷ್ಟಾಯ್ತು ಅಂತ. ನಾನೂ ಮೊದಲ ಸಲ ಅಷ್ಟೇ ಮಾಡಿದ್ದು. ಮಧ್ಯಾಹ್ನ ದೋಣಿ ಹತ್ತಿದೆ, ಮರುದಿನ ಬೆಳಿಗ್ಗೆ ಇಳಿದೆ, ರೈಲು ಹಿಡಿದು ವಾಪಸ್. ಮನೆಗೆ ಬಂದರೆ ಅಮ್ಮ, "ಅಂಬಲಪ್ಪುಳದ ಪಾಯಸ ತಂದ್ಯಾ?" ಅಂದರು. ಆ ಪಾಯಸ ಸಿಗುವ ಕೃಷ್ಣ ದೇವಸ್ಥಾನ ಆಲಪ್ಪುಳ ಪೇಟೆಯಿಂದ ಬರೀ 14 ಕಿಲೋಮೀಟರ್ ದೂರದಲ್ಲಿತ್ತು. ನನಗೆ ಅದು ಗೊತ್ತೇ ಇರಲಿಲ್ಲ.

ಎರಡನೇ ಸಲ ಅಮ್ಮ ಮತ್ತು ದೊಡ್ಡಮ್ಮನನ್ನು ಕರೆದುಕೊಂಡು ಮೂರು ದಿನಕ್ಕೆ ಹೋದೆ. ಆಗಲೂ ಮೊದಲ ದಿನ ಎಡವಟ್ಟಾಯಿತು. ತಿಂಡಿ ತಿಂದು, ಆರಾಮಾಗಿ ಹೊರಟು, ಹನ್ನೆರಡು ಗಂಟೆಗೆ ದೇವಸ್ಥಾನ ತಲುಪಿದರೆ ಬಾಗಿಲು ಹಾಕಿತ್ತು. ಇಲ್ಲಿನ ಹೆಚ್ಚಿನ ದೇವಸ್ಥಾನಗಳು ನಸುಕಿನಲ್ಲೇ, ನಾಲ್ಕು ಐದು ಗಂಟೆಗೆ ತೆರೆದು, 11ರಿಂದ 12ರ ಒಳಗೆ ಮುಚ್ಚುತ್ತವೆ. ಮತ್ತೆ ತೆರೆಯುವುದು ಸಂಜೆ ಐದಕ್ಕೆ. ಇದೊಂದನ್ನು ತಲೆಯಲ್ಲಿಟ್ಟುಕೊಂಡರೆ ಇಡೀ ಪ್ರವಾಸ ತಾನಾಗಿಯೇ ಸರಿಹೋಗುತ್ತದೆ: ಬೆಳಿಗ್ಗೆ, ಸಂಜೆ ದೇವರಿಗೆ, ನಡುವಿನ ಹೊತ್ತು ನೀರಿಗೆ. ಹೇಗೂ ಮಧ್ಯಾಹ್ನದ ಸೆಕೆಯಲ್ಲಿ ನೆರಳಿರುವ ದೋಣಿಗಿಂತ ಒಳ್ಳೆಯ ಜಾಗ ಆ ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ಹಂತ 1: ಟಿಕೆಟ್ ಮಾಡುವ ಮೊದಲು ರೈಲಿನ ದಾರಿ ನೋಡಿ

ಎರ್ನಾಕುಳಂ ದಾಟಿದ ಮೇಲೆ ದಕ್ಷಿಣಕ್ಕೆ ಎರಡು ರೈಲು ಹಳಿಗಳಿವೆ. ಒಂದು ಕರಾವಳಿ ಪಕ್ಕ ಆಲಪ್ಪುಳದ ಮೇಲೆ, ಇನ್ನೊಂದು ಒಳಗಡೆ ಕೋಟ್ಟಯಂ, ಚೆಂಗನ್ನೂರಿನ ಮೇಲೆ. ಎರಡೂ ಕಾಯಂಕುಳಂನಲ್ಲಿ ಮತ್ತೆ ಸೇರುತ್ತವೆ. ಬೆಂಗಳೂರಿನಿಂದ ಹೋಗುವ ಐಲ್ಯಾಂಡ್ ಎಕ್ಸ್‌ಪ್ರೆಸ್ ಕೋಟ್ಟಯಂ ದಾರಿಯದ್ದು, ಅದರಲ್ಲಿ ಕೂತು ಆಲಪ್ಪುಳ ಸ್ಟೇಷನ್ ಬರಲಿ ಅಂತ ಕಾದರೆ ಬರುವುದೇ ಇಲ್ಲ. ಎರ್ನಾಕುಳಂನಲ್ಲಿ ಇಳಿದು ಬಸ್ಸಿಗೋ ಬೇರೆ ರೈಲಿಗೋ ಹೋಗಬೇಕು. ಸುಮಾರು ಒಂದೂವರೆ ಗಂಟೆ. ಇಲ್ಲವೇ ಪ್ರವಾಸವನ್ನೇ ತಿರುಗಿಸಿ, ಚೆಂಗನ್ನೂರಿನಲ್ಲಿ ಇಳಿದು ಅಲ್ಲಿಂದ ಶುರು ಮಾಡಿ.

ಕರಾವಳಿಯವರಿಗೆ ಈ ತಲೆಬಿಸಿ ಕಡಿಮೆ. ಮಂಗಳೂರಿನಿಂದ ಸಂಜೆ ಹೊರಡುವ ಮಾವೇಲಿ, ಬೆಳಿಗ್ಗೆ ಹೊರಡುವ ವಂದೇ ಭಾರತ್, ಎರಡೂ ಆಲಪ್ಪುಳದ ಮೇಲೇ ಹೋಗುತ್ತವೆ. ಕಾರವಾರ, ಉಡುಪಿ ಕಡೆಯವರಿಗೆ ನೇತ್ರಾವತಿ ಇದೆ. ಮಾವೇಲಿ ಬೆಳಗಿನ ಜಾವ ಇಳಿಸುತ್ತದೆ. ನಿದ್ದೆ ಹಾಳು, ಆದರೆ ಸ್ನಾನ ಮಾಡಿ ಸೀದಾ ದೇವಸ್ಥಾನಕ್ಕೆ ಹೋಗುವವರಿಗೆ ಅದೇ ಸರಿಯಾದ ಹೊತ್ತು.

ಕಾರಿನಲ್ಲಿ ಹೋಗುವವರಿಗೆ ದಾರಿ ಕೇಳುವ ಕೆಲಸವೂ ಇಲ್ಲ. ಕುಂದಾಪುರ, ಉಡುಪಿ, ಮಂಗಳೂರು ದಾಟುವ ನಮ್ಮ ರಾಷ್ಟ್ರೀಯ ಹೆದ್ದಾರಿ 66 ಇದೆಯಲ್ಲ, ಅದೇ ರಸ್ತೆ ಚೇರ್ತಲ, ಆಲಪ್ಪುಳ, ಅಂಬಲಪ್ಪುಳ, ಹರಿಪ್ಪಾಡ್, ಕಾಯಂಕುಳಂ ಎಲ್ಲವನ್ನೂ ಪೋಣಿಸಿಕೊಂಡು ಹೋಗುತ್ತದೆ. ಅಗಲೀಕರಣದ ಕೆಲಸ ಆಗಿರುವ, ಆಗುತ್ತಿರುವ ರಸ್ತೆ, ಹಾಗಾಗಿ ಹೇಳಿದ ಹೊತ್ತಿಗಿಂತ ಒಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ.

ಹಂತ 2: ತಿಂಗಳು ಆರಿಸಿ

ಅಕ್ಟೋಬರ್ ಕೊನೆಯಿಂದ ಫೆಬ್ರವರಿ ತನಕ ಒಳ್ಳೆಯದು. ಜನವರಿ, ಫೆಬ್ರವರಿಯಲ್ಲಿ ಕುಟ್ಟನಾಡಿನ ಗದ್ದೆಗಳು ಹಸಿರಾಗಿರುತ್ತವೆ, ವಲಸೆ ಹಕ್ಕಿಗಳೂ ಇರುತ್ತವೆ. ಏಪ್ರಿಲ್, ಮೇ ಬೇಡ. ಬೆವರು ಒರೆಸುವುದರಲ್ಲೇ ದಿನ ಮುಗಿಯುತ್ತದೆ.

ಮಳೆಗಾಲದಲ್ಲಿ ಹೋಗುವುದಾದರೆ ಒಂದೇ ಕಾರಣಕ್ಕೆ ಹೋಗಿ, ದೋಣಿ ಓಟ ನೋಡಲು. ನೂರಕ್ಕೂ ಹೆಚ್ಚು ಅಡಿ ಉದ್ದದ ಚುಂಡನ್ ವಳ್ಳಂ ದೋಣಿಗಳಲ್ಲಿ ನೂರರಷ್ಟು ಜನ ಕೂತು ಹುಟ್ಟು ಹಾಕುವುದನ್ನು ಟೀವಿಯಲ್ಲಿ ನೋಡುವುದು ಬೇರೆ, ದಡದಲ್ಲಿ ನಿಂತು ಆ ವಂಚಿಪಾಟ್ಟು ಹಾಡಿನ ಸದ್ದು ಹತ್ತಿರ ಬರುವುದನ್ನು ಕೇಳುವುದೇ ಬೇರೆ. 1952ರಲ್ಲಿ ನೆಹರೂ ಬಂದಾಗ ಅವರಿಗಾಗಿ ಓಟ ಇಟ್ಟಿದ್ದರು. ಅವರು ಗೆದ್ದ ದೋಣಿಗೇ ಹತ್ತಿಬಿಟ್ಟರು, ಆಮೇಲೆ ಬೆಳ್ಳಿಯ ಟ್ರೋಫಿ ಕಳಿಸಿದರು. ಅಲ್ಲಿಂದ ಶುರುವಾದದ್ದು ಪುನ್ನಮಡ ಕೆರೆಯ ನೆಹರೂ ಟ್ರೋಫಿ. ರೂಢಿಯಂತೆ ಆಗಸ್ಟ್‌ನ ಎರಡನೇ ಶನಿವಾರ. ಆದರೆ ಈಚಿನ ವರ್ಷಗಳಲ್ಲಿ ದಿನ ಮುಂದೆ ಹೋಗಿದೆ, 2024ರಲ್ಲಿ ವಯನಾಡಿನ ಭೂಕುಸಿತದಿಂದಾಗಿ ಸೆಪ್ಟೆಂಬರ್ ಕೊನೆಗೆ ನಡೆಯಿತು. ಹಾಗಾಗಿ ದಿನಾಂಕ ಪ್ರಕಟವಾಗುವ ಮೊದಲು ರೈಲು ಟಿಕೆಟ್ ಮಾಡಬೇಡಿ.

ಹಂತ 3: ಉಳಿಯುವುದು ಪೇಟೆಯಲ್ಲಿ

ಸಮುದ್ರದ ಪಕ್ಕ ಮಾರಾರಿ ಬೀಚ್‌ನಲ್ಲಿ ಒಳ್ಳೆಯ ಹೋಮ್‌ಸ್ಟೇಗಳಿವೆ, ನಿಜ. ಆದರೆ ತಿರುಗಾಟ ಜಾಸ್ತಿ ಇರುವವರು ಆಲಪ್ಪುಳ ಪೇಟೆಯಲ್ಲೇ ಉಳಿಯಿರಿ. ಸರ್ಕಾರಿ ಬಸ್ ಸ್ಟ್ಯಾಂಡ್ ಮತ್ತು ದೋಣಿ ಕಟ್ಟೆ ಅಕ್ಕಪಕ್ಕ ಇವೆ, ನಡುವೆ ನಡೆದೇ ಹೋಗಬಹುದು. ಮುಲ್ಲಕ್ಕಲ್ ರಾಜರಾಜೇಶ್ವರಿ ದೇವಸ್ಥಾನವೂ ಪೇಟೆ ನಡುವೆಯೇ ಇದೆ. ಡಿಸೆಂಬರ್‌ನಲ್ಲಿ ಹೋದರೆ ಅಲ್ಲಿನ ಚಿರಪ್ಪ್ ಹಬ್ಬಕ್ಕೆ ಇಡೀ ಬೀದಿ ದೀಪ, ಅಂಗಡಿಗಳಿಂದ ತುಂಬಿರುತ್ತದೆ.

ಪೇಟೆಯ ಬೀದಿಗಳಲ್ಲಿ ಅಂಗಡಿ ಬೋರ್ಡು ಓದುತ್ತಾ ಹೋಗಿ. ಪೈ, ಶೆಣೈ, ಪ್ರಭು, ಕಾಮತ್ ಅನ್ನುವ ಹೆಸರುಗಳು ಕಣ್ಣಿಗೆ ಬೀಳುತ್ತವೆ. ಗೋವಾ ಬಿಟ್ಟು ಕಡಲ ದಂಡೆ ಹಿಡಿದು ಬಂದ ಕೊಂಕಣಿಗರಲ್ಲಿ ಕೆಲವರು ನಮ್ಮ ಕರಾವಳಿಯಲ್ಲಿ ನಿಂತರು, ಕೆಲವರು ಕೊಚ್ಚಿ, ಚೇರ್ತಲ, ಆಲಪ್ಪುಳದ ತನಕ ಹೋದರು. ತಿರುಮಲ ದೇವಸ್ವಂ ಅನ್ನುವ ಅವರ ದೇವಸ್ಥಾನಗಳು ಇಲ್ಲೂ ಇವೆ. ದೊಡ್ಡಮ್ಮ ಒಬ್ಬ ಅಂಗಡಿಯವರ ಜೊತೆ ಕೊಂಕಣಿಯಲ್ಲಿ ಮಾತಾಡುತ್ತಾ ಅರ್ಧ ಗಂಟೆ ನಿಂತರು, ಖರೀದಿ ಮಾಡಿದ್ದು ಒಂದು ಬೆಂಕಿಪೊಟ್ಟಣ.

ಸಂಜೆ ಬೀಚಿಗೆ ಹೋಗಿ, 1862ರ ದೀಪಸ್ತಂಭ ನೋಡಿ. ಸಮುದ್ರದೊಳಗೆ ಚಾಚಿದ ಹಳೆಯ ಕಡಲ ಸೇತುವೆಯ ಕಂಬಗಳು ಒಂದು ಕಾಲದ ಬಂದರಿನ ನೆನಪು. ತೆಂಗಿನ ನಾರು, ಮೆಣಸು ಎಲ್ಲ ಇಲ್ಲಿಂದಲೇ ಹಡಗು ಹತ್ತುತ್ತಿತ್ತು.

ಹಂತ 4: ಅಂಬಲಪ್ಪುಳ, ಪಾಯಸದ ಲೆಕ್ಕ

ಬೆಳಿಗ್ಗೆ ಬೇಗ ಬಸ್ ಹಿಡಿಯಿರಿ. ಹರಿಪ್ಪಾಡ್, ಕಾಯಂಕುಳಂ ಕಡೆಯ ಯಾವ ಬಸ್ಸಾದರೂ ಸರಿ. ಶ್ರೀಕೃಷ್ಣನ ಮೂರ್ತಿ ಇಲ್ಲಿ ಕೊಳಲು ಹಿಡಿದಿಲ್ಲ. ಒಂದು ಕೈಯಲ್ಲಿ ಚಾವಟಿ, ಇನ್ನೊಂದರಲ್ಲಿ ಶಂಖ. ಪಾರ್ಥಸಾರಥಿ ರೂಪ.

ಮೊದಲ ಕೆಲಸ ದರ್ಶನ ಅಲ್ಲ, ಪಾಯಸದ ಚೀಟಿ. ಪಾಯಸ ಸಿಗುವುದು ಮಧ್ಯಾಹ್ನದ ಪೂಜೆ ಆದ ಮೇಲೆ, ಮಾಡುವುದು ಅಳತೆಯಲ್ಲಿ. ಹಬ್ಬದ ದಿನ, ರಜಾ ದಿನ ಚೀಟಿ ಬೇಗ ಮುಗಿಯುತ್ತದೆ. ಮೊದಲ ದಿನ ಲೇಟಾಗಿ ಹೋಗಿ ಖಾಲಿ ಕೈಯಲ್ಲಿ ಬಂದವನ ಮಾತು ಇದು. ಮುಚ್ಚಳವಿರುವ ಸ್ಟೀಲ್ ಡಬ್ಬಿಯೊಂದು ಜೊತೆಗಿರಲಿ. ಹಾಲು, ನೀರು, ಕೆಂಪಕ್ಕಿ, ಸಕ್ಕರೆ, ಅಷ್ಟೇ ಸಾಮಾನು. ಗಂಟೆಗಟ್ಟಲೆ ಕುದಿಸಿ ಕುದಿಸಿ ಹಾಲಿಗೆ ತಿಳಿ ಗುಲಾಬಿ ಬಣ್ಣ ಬಂದಿರುತ್ತದೆ. ಏಲಕ್ಕಿ, ಗೋಡಂಬಿ, ದ್ರಾಕ್ಷಿ ಒಂದೂ ಇಲ್ಲ. ಅಮ್ಮ ಒಂದು ಗುಟುಕು ಕುಡಿದು ಸುಮ್ಮನಾದರು, ಅದು ನಮ್ಮ ಮನೆಯಲ್ಲಿ ದೊಡ್ಡ ಹೊಗಳಿಕೆ.

ಇದರ ಕತೆ ಮಕ್ಕಳಿಗೆ ಹೇಳಿ. ಇಲ್ಲಿನ ಚೆಂಬಕಶ್ಶೇರಿ ರಾಜನಿಗೆ ಚದುರಂಗದ ಹುಚ್ಚು. ಒಬ್ಬ ಸನ್ಯಾಸಿ ಬಂದು ಆಟಕ್ಕೆ ಕೂತ. ಗೆದ್ದರೆ ಮೊದಲ ಮನೆಗೆ ಒಂದು ಅಕ್ಕಿ ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ 64 ಮನೆಗೂ ಕೊಡಬೇಕು ಅಂದ. ಇಷ್ಟೇನಾ ಅಂತ ರಾಜ ಒಪ್ಪಿದ, ಸೋತ. ಒಟ್ಟು ಕೂಡಿದರೆ ಬರುವ ಸಂಖ್ಯೆಯಲ್ಲಿ 20 ಅಂಕಿಗಳಿವೆ, ಲೋಕದ ಅಕ್ಕಿ ಎಲ್ಲ ಸುರಿದರೂ ಸಾಲದು. ಆಗ ಸನ್ಯಾಸಿ ಕೃಷ್ಣನಾಗಿ ಕಾಣಿಸಿಕೊಂಡು, ಸಾಲವನ್ನು ದಿನಾ ಪಾಯಸ ಮಾಡಿ ತೀರಿಸು ಅಂದನಂತೆ. ಕಂತು ಇನ್ನೂ ನಡೆಯುತ್ತಿದೆ.

ಇನ್ನೊಂದು ಕತೆಗೆ ನಮ್ಮ ಊರಿನ ನಂಟಿದೆ. 1789ರಲ್ಲಿ ಮೈಸೂರಿನ ಟಿಪ್ಪು ಸೇನೆ ಮಲಬಾರಿಗೆ ಬಂದಾಗ ಗುರುವಾಯೂರಿನ ಮೂರ್ತಿಯನ್ನು ಕಾಪಾಡಲು ಇಲ್ಲಿಗೆ ತಂದಿಟ್ಟರು. ಅದನ್ನು ಇಟ್ಟಿದ್ದ ಜಾಗ ಈಗಲೂ ಗುರುವಾಯೂರು ನಡೆ ಅಂತಲೇ ಇದೆ. ಮೈಸೂರಿನಿಂದ ಬಂದವರು ಅಂತ ಹೇಳಿಕೊಂಡಾಗ ಅಲ್ಲಿದ್ದ ಅಜ್ಜರೊಬ್ಬರು ನಗುತ್ತಾ ಅದನ್ನು ತೋರಿಸಿದರು.

ಪಾಯಸಕ್ಕೆ ಹೊತ್ತಿದ್ದರೆ ಆಟೋ ಹಿಡಿದು ಪೂರ್ವಕ್ಕೆ 3 ಕಿಲೋಮೀಟರ್ ಹೋಗಿ ಕರುಮಾಡಿ ಕುಟ್ಟನ್ ನೋಡಿ ಬನ್ನಿ. ಕರಿಕಲ್ಲಿನ ಬುದ್ಧ. ಎಡಭಾಗ ಒಡೆದು ಹೋಗಿದೆ. ತೋಡಿನ, ಅಂದರೆ ಸಣ್ಣ ಕಾಲುವೆಯ ಪಕ್ಕ ಒಂದು ಪುಟ್ಟ ಮಂಟಪದಲ್ಲಿ ಸುಮ್ಮನೆ ಕೂತಿದ್ದಾನೆ, ನಾವು ಹೋದಾಗ ಒಬ್ಬರೂ ಇರಲಿಲ್ಲ. ಹತ್ತು ನಿಮಿಷ ಸಾಕು, ಆದರೆ ಆ ಹತ್ತು ನಿಮಿಷ ತಪ್ಪಿಸಬೇಡಿ.

ಹಂತ 5: ನೀರಿಗೆ ಇಳಿಯುವುದು

ನಮ್ಮಲ್ಲಿ ಹಿನ್ನೀರು ಅಂದರೆ ಲಿಂಗನಮಕ್ಕಿ, ಕಬಿನಿ ಥರ ಅಣೆಕಟ್ಟಿನ ಹಿಂದೆ ನಿಂತ ನೀರು. ಇಲ್ಲಿಯದು ಹಾಗಲ್ಲ. ಪಂಪಾ, ಮಣಿಮಲ, ಅಚ್ಚನ್‌ಕೋವಿಲ್, ಮೀನಚ್ಚಿಲ್ ಹೊಳೆಗಳು ಕಡಲು ಸೇರುವ ಮೊದಲು ವೇಂಬನಾಡ್ ಕಾಯಲ್‌ಗೆ ಬಂದು ಹರಡಿಕೊಳ್ಳುತ್ತವೆ. ಭಾರತದ ಅತಿ ಉದ್ದದ ಸರೋವರ ಅದು. ಅದರ ದಂಡೆಯ ಕುಟ್ಟನಾಡಿನಲ್ಲಿ ಕೆರೆಯ ನೀರನ್ನೇ ಬದಿಗೆ ತಳ್ಳಿ, ಬದು ಕಟ್ಟಿ, ಸಮುದ್ರ ಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುತ್ತಾರೆ. ದೋಣಿಯಲ್ಲಿ ಕೂತು ನೋಡಿದರೆ ನೀವು ಮೇಲೆ, ಗದ್ದೆ ಕೆಳಗೆ. ಮೊದಲ ಸಲ ಕಣ್ಣು ನಂಬುವುದಿಲ್ಲ. 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈ ಬೇಸಾಯ ಪದ್ಧತಿಗೆ ಜಾಗತಿಕ ಕೃಷಿ ಪರಂಪರೆಯ ಮನ್ನಣೆ ಕೊಟ್ಟಿದೆ.

ಈಗ ಯಾವ ದೋಣಿ?

ನನ್ನ ಮೊದಲ ಆಯ್ಕೆ ಸರ್ಕಾರಿ ಜಲಸಾರಿಗೆ ಇಲಾಖೆಯ ದೋಣಿ. ಬಸ್ಸಿನ ಹಾಗೇ, ಕಟ್ಟೆಯಿಂದ ಕಟ್ಟೆಗೆ ನಿಲ್ಲಿಸುತ್ತಾ ಹೋಗುತ್ತದೆ. ಶಾಲೆ ಮಕ್ಕಳು, ಮೀನಿನ ಬುಟ್ಟಿ, ಗ್ಯಾಸ್ ಸಿಲಿಂಡರ್, ಎಲ್ಲ ಹತ್ತುತ್ತವೆ. ಟಿಕೆಟ್ ಬರೀ ಹತ್ತಾರು ರೂಪಾಯಿ. ನೆಡುಮುಡಿ, ಕಾವಾಲಂ ಕಡೆ ಹೋಗಿ ಅದೇ ದೋಣಿಯಲ್ಲಿ ವಾಪಸ್ ಬರಬಹುದು, ಇಲ್ಲವೇ ಕೋಟ್ಟಯಂ ಕಡೆಯ ದೋಣಿ ಹಿಡಿದರೆ ಎರಡೂವರೆ ಗಂಟೆಯ ಪ್ರಯಾಣ. ಹತ್ತುವ ಮುಂಚೆ ದೋಣಿ ಎಲ್ಲಿ ತನಕ ಹೋಗುತ್ತದೆ, ಕೊನೆಯ ವಾಪಸ್ ದೋಣಿ ಎಷ್ಟಕ್ಕೆ ಅಂತ ಕೌಂಟರಿನಲ್ಲೇ ಕೇಳಿಬಿಡಿ. ಅಮ್ಮನಿಗೆ ಇಡೀ ಪ್ರವಾಸದಲ್ಲಿ ಇಷ್ಟವಾದದ್ದು ಇದೇ. ಪಕ್ಕದಲ್ಲಿ ಕೂತ ಹೆಂಗಸು ತೋಡು ಅಂದರು, ಅಮ್ಮನಿಗೆ ಖುಷಿಯೋ ಖುಷಿ, ನಮ್ಮ ಊರಲ್ಲೂ ಅದು ತೋಡೇ ಅಲ್ವಾ!

ಹೌಸ್‌ಬೋಟ್ ಬೇಕೇ ಬೇಕು ಅನ್ನುವವರಿಗೆ ನಾಲ್ಕು ಮಾತು. ಕೆಟ್ಟುವಳ್ಳಂ ಅಂದರೆ ಕಟ್ಟಿದ ದೋಣಿ, ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ಹಗ್ಗದಲ್ಲಿ ಹೊಲಿದು ಮಾಡುತ್ತಿದ್ದ ಅಕ್ಕಿ ಸಾಗಿಸುವ ದೋಣಿ. ಈಗ ಅದರ ಮೇಲೆ ಮನೆ. ಮಧ್ಯಾಹ್ನ 12ರ ಹೊತ್ತಿಗೆ ಹತ್ತಿಸಿ ಮರುದಿನ 9ಕ್ಕೆ ಇಳಿಸುತ್ತಾರೆ. ಆದರೆ ರಾತ್ರಿಯೆಲ್ಲ ತೇಲುತ್ತಾ ಹೋಗುವ ಕನಸು ಕಾಣಬೇಡಿ. ಸಂಜೆ ಐದೂವರೆಗೆ ದಡಕ್ಕೆ ಕಟ್ಟುತ್ತಾರೆ, ಯಾಕೆಂದರೆ ಆಮೇಲೆ ನೀರು ಮೀನು ಹಿಡಿಯುವವರ ಬಲೆಗೆ. ಎಷ್ಟೋ ದೋಣಿಗಳಲ್ಲಿ ಏಸಿ ಬರೀ ರಾತ್ರಿ ಹೊತ್ತು. ಇದನ್ನೆಲ್ಲ ಮೊದಲೇ ಕೇಳಿ. ಫೋನಿನಲ್ಲಿ ಫೋಟೋ ನೋಡಿ ಪೂರ್ತಿ ದುಡ್ಡು ಕಳಿಸಬೇಡಿ. ನನಗೆ ಒಬ್ಬ ಏಜೆಂಟ್ ತೋರಿಸಿದ್ದು ಒಂದು ದೋಣಿ, ಹತ್ತಿಸಿದ್ದು ಇನ್ನೊಂದು, ಡೀಸೆಲ್ ವಾಸನೆಗೆ ರಾತ್ರಿ ನಿದ್ದೆ ಬರಲಿಲ್ಲ. ದೋಣಿ ಓಟ ಮುಗಿಯುವ ಜಾಗವಾದ ಪುನ್ನಮಡದ ಫಿನಿಷಿಂಗ್ ಪಾಯಿಂಟ್‌ಗೆ ಬೆಳಿಗ್ಗೆಯೇ ಹೋಗಿ, ದೋಣಿಯ ಒಳಗೆ ಹತ್ತಿ, ಬಚ್ಚಲು ನೋಡಿ, ಆಮೇಲೆ ಮಾತು. ಡಿಸೆಂಬರ್ ಕೊನೆಯ ವಾರದಲ್ಲಿ ಮಾತ್ರ ಈ ಚೌಕಾಸಿ ನಡೆಯುವುದಿಲ್ಲ.

ಇನ್ನೊಂದು ವಿಷಯ. ಹೌಸ್‌ಬೋಟ್ ದೊಡ್ಡದು, ಕಿರಿದಾದ ತೋಡುಗಳಿಗೆ ನುಗ್ಗುವುದಿಲ್ಲ. ಮನೆಯ ಮುಂದೆ ಪಾತ್ರೆ ತೊಳೆಯುವವರು, ಬಾತುಕೋಳಿ ಹಿಂಡು ಹೊಡೆದುಕೊಂಡು ಹೋಗುವವರು, ಇದನ್ನೆಲ್ಲ ನೋಡಬೇಕಾದರೆ ಗಂಟೆ ಲೆಕ್ಕದ ಶಿಕಾರ ಅನ್ನುವ ಮಾಡಿನ ಸಣ್ಣ ದೋಣಿಯೋ ಹುಟ್ಟು ಹಾಕುವ ಸಣ್ಣ ದೋಣಿಯೋ ಬೇಕು. ಎರಡು ಮೂರು ಗಂಟೆ ಧಾರಾಳ.

ನೀರಿನ ದಾರಿಯಲ್ಲೇ ಸಿಗುವ ಎರಡು ಜಾಗ. ಕೈನಕರಿಯಲ್ಲಿ ಸಂತ ಚಾವರ ಅವರು ಹುಟ್ಟಿದ ಮನೆ, 2014ರಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಚಂಬಕುಳಂನಲ್ಲಿ ಸಂತ ಮೇರಿಯ ಹಳೆಯ ಬೆಸಿಲಿಕಾ, ಕ್ರಿ.ಶ. 427ರದ್ದು ಅನ್ನುವುದು ಅಲ್ಲಿನವರ ನಂಬಿಕೆ. ಅಂಬಲಪ್ಪುಳದ ಕೃಷ್ಣನ ಮೂರ್ತಿಯನ್ನು ದೋಣಿಯಲ್ಲಿ ತರುವಾಗ ಒಂದು ರಾತ್ರಿ ಚಂಬಕುಳಂನ ಕ್ರೈಸ್ತ ಮನೆಯೊಂದರಲ್ಲಿ ಇಟ್ಟಿದ್ದರಂತೆ. ಅದರ ನೆನಪಿಗೇ ಜೂನ್, ಜುಲೈನಲ್ಲಿ ಮೂಲಾ ನಕ್ಷತ್ರದ ದಿನ ದೋಣಿ ಓಟ. ವರ್ಷದ ಓಟಗಳೆಲ್ಲ ಅಲ್ಲಿಂದ ಶುರು.

ಹಂತ 6: ದಕ್ಷಿಣದ ದಿನ, ನಾಗರಾಜನಿಂದ ಅರಮನೆಗೆ

ಈ ದಿನ ಐದೂವರೆಗೇ ಹೊರಡಿ. ಹರಿಪ್ಪಾಡ್ ಸುಮಾರು 35 ಕಿಲೋಮೀಟರ್. ಅಲ್ಲಿಂದ ಆಟೋದಲ್ಲಿ ಮಣ್ಣಾರಶಾಲ.

ಕುಕ್ಕೆಗೆ, ಘಾಟಿಗೆ ಹೋಗುವವರಿಗೆ ಮಣ್ಣಾರಶಾಲ ಕೂಡಲೇ ತನ್ನದು ಅನಿಸುತ್ತದೆ. ಬನದ ದಾರಿಯ ಎರಡೂ ಬದಿಗೆ ಸಾವಿರ ಸಾವಿರ ನಾಗನ ಕಲ್ಲುಗಳು, ಬೆಳಿಗ್ಗೆ ಮರಗಳ ಕೆಳಗೆ ಇನ್ನೂ ಕತ್ತಲು, ಅರಿಶಿನದ ವಾಸನೆ. ಇಲ್ಲಿ ಮುಖ್ಯ ಅರ್ಚಕರು ಹೆಂಗಸು. ಆ ಅರ್ಚಕ ಮನೆತನದ ಹಿರಿಯ ಸೊಸೆ "ಅಮ್ಮ" ಅನ್ನುವ ಆ ಸ್ಥಾನಕ್ಕೆ ಬರುತ್ತಾರೆ. ಕಾಡು ಸುಟ್ಟಾಗ ಬಿಸಿಯಾದ ಮಣ್ಣು ಆರಿದ ಜಾಗ, ಅದಕ್ಕೇ ಮಣ್ಣಾರಶಾಲ ಅನ್ನುತ್ತಾರೆ. ಮಣ್ಣು, ಆರು, ಎರಡೂ ನಮ್ಮವೇ ಪದಗಳು. ಮಕ್ಕಳಿಲ್ಲದವರು ಬಂದು ಉರುಳಿಯನ್ನು, ಅಂದರೆ ಅಗಲ ಬಾಯಿಯ ಲೋಹದ ಪಾತ್ರೆಯನ್ನು, ಕವುಚಿ ಹಾಕುವ ಹರಕೆ ಇದೆ. ಮಗು ಹುಟ್ಟಿದ ಮೇಲೆ ಮಗುವನ್ನು ಕರೆತಂದು ಅದನ್ನು ನೆಟ್ಟಗೆ ಮಾಡಬೇಕು. ದೊಡ್ಡ ಜಾತ್ರೆ ಅಕ್ಟೋಬರ್, ನವೆಂಬರ್‌ನ ತುಲಾ ಮಾಸದ ಆಯಿಲ್ಯಂ ದಿನ. ಆಯಿಲ್ಯಂ ಅಂದರೆ ನಮ್ಮ ಆಶ್ಲೇಷಾ. ಆ ದಿನ ಜನ ಎಷ್ಟಿರುತ್ತಾರೆ ಅಂದರೆ ವಯಸ್ಸಾದವರನ್ನು ಕರೆದುಕೊಂಡು ಹೋಗಬೇಡಿ ಅಂತಲೇ ಹೇಳುತ್ತೇನೆ.

ಹರಿಪ್ಪಾಡ್ ಪೇಟೆಯ ಸುಬ್ರಹ್ಮಣ್ಯನ ಮೂರ್ತಿ ಆಳೆತ್ತರಕ್ಕೂ ಮೀರಿದ್ದು, ನಾಲ್ಕು ಕೈ. ಕಾಯಂಕುಳಂ ಕಾಯಲ್‌ನಲ್ಲಿ ಸಿಕ್ಕಿದ್ದು ಅನ್ನುವ ನಂಬಿಕೆ. ಬಾಗಿಲು ಹಾಕುವ ಮೊದಲು ಇದನ್ನೂ ಮುಗಿಸಿ.

ಮಧ್ಯಾಹ್ನ ದೇವಸ್ಥಾನ ಮುಚ್ಚಿದಾಗ ಕಾಯಂಕುಳಂ ದಾಟಿ ಕೃಷ್ಣಪುರಂ ಅರಮನೆ. ಸೋಮವಾರ ರಜೆ, ಮರೆಯಬೇಡಿ. ರಾಜ ಮಿಂದು ಕೊಳದಿಂದ ಒಳಗೆ ಬರುವಾಗ ಎದುರಿಗೇ ಕಾಣುವ ಹಾಗೆ ಬರೆದ ಗಜೇಂದ್ರ ಮೋಕ್ಷದ ಭಿತ್ತಿಚಿತ್ರ, 14 ಅಡಿ ಉದ್ದ, 11 ಅಡಿ ಎತ್ತರ. ಆನೆಗಿಂತ ಗರುಡನ ಮುಖವನ್ನೇ ಜಾಸ್ತಿ ಹೊತ್ತು ನೋಡುತ್ತಾ ನಿಂತೆ. ಎರಡೂ ಅಂಚು ಹರಿತವಾದ ಕಾಯಂಕುಳಂ ಕತ್ತಿಯೂ ಅಲ್ಲಿದೆ. ಸಂಜೆ ಐದರ ನಂತರ ಚೆಟ್ಟಿಕುಳಂಗರ ಭಗವತಿ. ಫೆಬ್ರವರಿ, ಮಾರ್ಚ್‌ನ ಕುಂಭ ಭರಣಿಗೆ 13 ಕರೆಗಳವರು, ಅಂದರೆ 13 ಊರಿನವರು, ಆಳುಗಳು ಎಳೆಯುವ ಎತ್ತರದ ತೇರುಗಳನ್ನು ಗದ್ದೆಗೆ ತರುತ್ತಾರೆ.

ಹಂತ 7: ಒಂದು ದಿನ ಜಾಸ್ತಿ ಇದ್ದರೆ

ಪೂರ್ವಕ್ಕೆ ಚೆಂಗನ್ನೂರು. ಮಾಲೆ ಹಾಕಿ ಶಬರಿಮಲೆಗೆ ಹೋದವರಿಗೆ ಸ್ಟೇಷನ್ ಗೊತ್ತೇ ಇರುತ್ತದೆ, ಊರು ಮಾತ್ರ ನೋಡಿರುವುದಿಲ್ಲ. ಮಹಾದೇವ ದೇವಸ್ಥಾನದಲ್ಲಿ ದೇವಿ ಮುಟ್ಟಾಗುತ್ತಾಳೆ ಅನ್ನುವ ನಂಬಿಕೆಯಿದೆ. ಆಗ ಗರ್ಭಗುಡಿ ಮುಚ್ಚಿ, ಆಮೇಲೆ ಪಂಪೆಯಲ್ಲಿ ಮೀಯಿಸಿ ಮೆರವಣಿಗೆಯಲ್ಲಿ ತರುತ್ತಾರೆ. ತೃಪ್ಪೂತ್ತಾರಾಟ್ಟು ಅಂತ ಅದರ ಹೆಸರು. ಶ್ರೀವೈಷ್ಣವರಿಗೆ ಇನ್ನೊಂದು ಕಾರಣ ಇದೆ. ಆಳ್ವಾರರು ಹಾಡಿದ 108 ವಿಷ್ಣು ಕ್ಷೇತ್ರಗಳಾದ ದಿವ್ಯದೇಶಗಳಲ್ಲಿ ಕರ್ನಾಟಕದಲ್ಲಿ ಒಂದೂ ಇಲ್ಲ, ಮೇಲುಕೋಟೆ ಕೂಡ ಆ ಪಟ್ಟಿಯಲ್ಲಿಲ್ಲ. ಇಲ್ಲಿ ಪಾಂಡವರು ಸ್ಥಾಪಿಸಿದರು ಅನ್ನುವ ಐದು ಹತ್ತಿರ ಹತ್ತಿರ ಇವೆ: ತೃಚ್ಚಿಟ್ಟಾಟ್ ಧರ್ಮರಾಯನದು, ಪುಲಿಯೂರು ಭೀಮನದು, ತಿರುವನ್‌ವಂಡೂರು ನಕುಲನದು, ಪಕ್ಕದ ಜಿಲ್ಲೆಗಳಲ್ಲಿ ಆರನ್ಮುಳ ಅರ್ಜುನನದು, ತೃಕ್ಕೊಡಿತ್ತಾನಂ ಸಹದೇವನದು. ಒಂದು ಕಾರು ಗೊತ್ತು ಮಾಡಿಕೊಂಡು ಐದು ಗಂಟೆಗೆ ಶುರು ಮಾಡಿ. ಎಲ್ಲವೂ ಬೆಳಿಗ್ಗೆಯೇ ಆಗದಿದ್ದರೆ ಉಳಿದದ್ದು ಸಂಜೆಗೆ.

ಉತ್ತರಕ್ಕೆ ಹೋದರೆ ಕಡಲ ಪಕ್ಕದ ಅರ್ತುಂಗಲ್ ಚರ್ಚ್. ಶಬರಿಮಲೆಯಿಂದ ಮರಳುವ ಎಷ್ಟೋ ಅಯ್ಯಪ್ಪ ಭಕ್ತರು ಇಲ್ಲಿಗೆ ಬಂದು ಮಾಲೆ ತೆಗೆಯುತ್ತಾರೆ. ಸಂತ ಸೆಬಾಸ್ಟಿಯನ್ ಹಬ್ಬ ಜನವರಿ 20. ಅಲ್ಲಿಂದ ಚೇರ್ತಲ ಮೇಲೆ ತವಣಕ್ಕಡವಿಗೆ ಹೋಗಿ ದೋಣಿ ದಾಟಿದರೆ ಆಚೆ ದಡ ವೈಕಂ, ಮಹಾದೇವ ದೇವಸ್ಥಾನ ಕಟ್ಟೆಯಿಂದ ನಡೆಯುವಷ್ಟು ದೂರ. ಈ ದಾಟಿನಲ್ಲಿ 2017ರಿಂದ ಸೌರಶಕ್ತಿಯ ದೋಣಿ ಓಡುತ್ತಿದೆ, ದೇಶದಲ್ಲೇ ಮೊದಲನೆಯದು. ಡೀಸೆಲ್ ಸದ್ದು, ವಾಸನೆ ಇಲ್ಲದೆ ನೀರು ದಾಟುವುದು ಎಷ್ಟು ಹಿತ ಅಂತ ಆಗ ಗೊತ್ತಾಯಿತು.

ಬಟ್ಟೆ, ಊಟ

ಗಂಡಸರಿಗೆ ಎರಡು ಪಂಚೆ ಸಾಕು. ಅಂಗಿ, ಬನಿಯನ್ ತೆಗೆದು ಒಳಗೆ ಹೋಗಬೇಕು, ಉಡುಪಿ, ಕುಕ್ಕೆಗೆ ಹೋದವರಿಗೆ ಇದು ಹೊಸದಲ್ಲ. ಹೆಂಗಸರಿಗೆ ಸೀರೆ ಅಥವಾ ಚೂಡಿದಾರ್. ಜೀನ್ಸ್ ಬೇಡ. ಬಹುತೇಕ ದೇವಸ್ಥಾನಗಳ ಒಳಗೆ ಹಿಂದೂಗಳಿಗೆ ಮಾತ್ರ ಪ್ರವೇಶ, ಬೇರೆ ಧರ್ಮದ ಗೆಳೆಯರು ಜೊತೆಗಿದ್ದರೆ ಮೊದಲೇ ಹೇಳಿಬಿಡಿ.

ಮೀನು ತಿನ್ನುವವರು ಕರಿಮೀನ್ ಪೊಳ್ಳಿಚ್ಚದ್ದು ಕೇಳಿ, ಬಾಳೆ ಎಲೆಯಲ್ಲಿ ಸುತ್ತಿ ಕಾವಲಿಯ ಮೇಲೆ ಬೇಯಿಸಿದ್ದು. ತೂಕ ನೋಡಿ ಬೆಲೆ ಕೇಳಿ ಆಮೇಲೆ ಹೂಂ ಅನ್ನಿ. ಸಸ್ಯಾಹಾರಿಗಳಿಗೆ ಪುಟ್ಟು ಕಡಲೆ, ಅಪ್ಪಂ, ಕುಚ್ಚಲಕ್ಕಿ ಊಟ ಸಿಗುತ್ತದೆ, ಆದರೆ ದೋಣಿಯಲ್ಲಿ ಊಟ ಮಾಡುವವರು ಬುಕ್ ಮಾಡುವಾಗಲೇ ಶುದ್ಧ ಸಸ್ಯಾಹಾರ ಅಂತ ಎರಡು ಸಲ ಹೇಳಿ. ಊಟದ ಜೊತೆ ಕೊಡುವ ಗುಲಾಬಿ ಬಣ್ಣದ ಬಿಸಿನೀರು ಕೈ ತೊಳೆಯಲು ಅಲ್ಲ, ಕುಡಿಯಲು. ದೊಡ್ಡಮ್ಮ ಅದರಲ್ಲಿ ಬೆರಳು ಅದ್ದಿದ್ದು ಈಗಲೂ ಮನೆಯಲ್ಲಿ ಮಾತು.